ಮ್ಯಾಕ್‌ನಲ್ಲಿ ಎಸ್‌ಎಸ್‌ಡಿಯನ್ನು ಎಪಿಎಫ್‌ಎಸ್‌ಗೆ ಸಿದ್ಧಪಡಿಸುವ ಬಗೆ

ಮ್ಯಾಕ್ ಕಂಪ್ಯೂಟರಿಗೆ ಹೊಸದಾಗಿ ಬಾಹ್ಯ ಎಸ್‌ಎಸ್‌ಡಿ (ಫ್ಲ್ಯಾಶ್ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಜೋಡಿಸಿಕೊಂಡ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. ಫಾರ್ಮ್ಯಾಟ್ ಮಾಡುವಾಗ ಎದುರಾಗುವ ಉದ್ದನೆಯ ಪಟ್ಟಿಯಲ್ಲಿ ಯಾವುದನ್ನು ಆರಿಸಬೇಕು ಎಂಬುದು ಮೊದಲನೆಯದು. ದೊಡ್ಡ ದೊಡ್ಡ ಕಡತಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ ಮೇಲೆ ಡಿಸ್ಕಿನಲ್ಲಿ ಜಾಗ ಏಕೆ ಹೆಚ್ಚಲಿಲ್ಲ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಒಂದು ಸಾಲಿನಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಎಪಿಎಫ್‌ಎಸ್ ಜಾಗವನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಗುಂಡಿಗಳನ್ನು ಒತ್ತುವ ಕ್ರಮದ ಜೊತೆಗೆ, ಪ್ರತಿ ಹಂತದಲ್ಲೂ ಒಳಗೆ ಏನು ನಡೆಯುತ್ತದೆ ಎಂಬುದನ್ನೂ ವಿವರಿಸಲಾಗಿದೆ.

ಎಪಿಎಫ್‌ಎಸ್ ಎಂದರೇನು?

ಡಿಸ್ಕಿನ ಯಾವ ಭಾಗದಲ್ಲಿ ಯಾವ ಕಡತ ಇದೆ, ಅದರ ಹೆಸರೇನು, ಎಷ್ಟು ಜಾಗ ಖಾಲಿ ಇದೆ ಎಂಬ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಏರ್ಪಾಡಿಗೆ ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್, ಎಂದು ಹೆಸರು. ಮ್ಯಾಕ್‌ಗಳಲ್ಲಿ 1998ರಿಂದ ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕಿನ ಕಾಲದ್ದು. ಅದರ ಜಾಗಕ್ಕೆ ಬರಲಿರುವ ಆ್ಯಪಲ್ ಫೈಲ್ ಸಿಸ್ಟಮ್ (ಎಪಿಎಫ್‌ಎಸ್) ಅನ್ನು ಆ್ಯಪಲ್ ಕಂಪನಿ 2016ರ ಜೂನ್ ತಿಂಗಳಿನಲ್ಲಿ ಪ್ರಕಟಿಸಿತು. 2017ರ ಮಾರ್ಚ್‌ನಲ್ಲಿ ಐಓಎಸ್ 10.3ರ ಮೂಲಕ ಐಫೋನ್‌ಗಳಿಗೂ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈ ಸಿಯೆರಾ ಆವೃತ್ತಿಯ ಮೂಲಕ ಮ್ಯಾಕ್‌ಗಳಿಗೂ ಅದು ಬಂದಿತು.

ಎಸ್‌ಎಸ್‌ಡಿಯಲ್ಲಿರುವ ಫ್ಲ್ಯಾಶ್ ಚಿಪ್‌ಗಳ ಸ್ವಭಾವ ಹಾರ್ಡ್ ಡಿಸ್ಕಿನದಕ್ಕಿಂತ ತೀರ ಭಿನ್ನ. ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಬೇಕಾದುದರಿಂದ, ಒಂದು ಕಡತದ ತುಣುಕುಗಳು ಚದುರಿದಷ್ಟೂ ಕೆಲಸ ನಿಧಾನವಾಗುತ್ತದೆ. ಫ್ಲ್ಯಾಶ್‌ನಲ್ಲಿ ಸರಿಯುವ ಭಾಗವೇ ಇಲ್ಲ, ಹಾಗಾಗಿ ತುಣುಕುಗಳು ಎಲ್ಲಿದ್ದರೂ ಅವುಗಳನ್ನು ಓದುವ ವೇಗದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗದು. ಆದರೆ ಫ್ಲ್ಯಾಶ್‌ಗೆ ತನ್ನದೇ ಆದ ಕಟ್ಟುಪಾಡೊಂದಿದೆ: ಬರೆದಿರುವ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಅದರಲ್ಲಿ ಸಾಧ್ಯವಿಲ್ಲ. ಪುಟ ಎಂಬ ಸಣ್ಣ ಘಟಕದಲ್ಲಿ ಬರೆಯಬಹುದಾದರೂ, ಅಳಿಸುವುದು ಮಾತ್ರ ಬ್ಲಾಕ್ ಎಂಬ ದೊಡ್ಡ ಘಟಕದ ಲೆಕ್ಕದಲ್ಲಿ, ಮತ್ತು ಪ್ರತಿ ಅಳಿಸುವಿಕೆಯೂ ಚಿಪ್ಪನ್ನು ಒಂದಿಷ್ಟು ಸವೆಸುತ್ತದೆ.

ಈ ಸ್ವಭಾವಕ್ಕೆ ಒಪ್ಪುವ ರೀತಿಯಲ್ಲಿ ಎಪಿಎಫ್‌ಎಸ್ ತನ್ನ ಲೆಕ್ಕಪತ್ರವನ್ನು ಇದ್ದ ಜಾಗದಲ್ಲೇ ತಿದ್ದುವುದಿಲ್ಲ. ಬದಲಾದ ಪ್ರತಿಯನ್ನು ಖಾಲಿ ಜಾಗದಲ್ಲಿ ಹೊಸದಾಗಿ ಬರೆದು, ಬರವಣಿಗೆ ಪೂರ್ಣವಾದ ಮೇಲೆ ಹಳೆಯದನ್ನು ಬಿಟ್ಟುಕೊಡುತ್ತದೆ. ಈ ವಿಧಾನವನ್ನು ಕಾಪಿ ಆನ್ ರೈಟ್ ಎನ್ನುತ್ತಾರೆ. ನಡುವೆ ವಿದ್ಯುತ್ ಹೋದರೂ ಹಳೆಯ ಲೆಕ್ಕ ಹಾಗೆಯೇ ಉಳಿದಿರುವುದರಿಂದ ಡಿಸ್ಕಿನ ವ್ಯವಸ್ಥೆ ಕೆಡುವ ಸಂಭವ ಕಡಿಮೆ. ಇದರ ಮತ್ತೊಂದು ಮುಖವೂ ಉಂಟು. ಹೀಗೆ ಎಲ್ಲೆಂದರಲ್ಲಿ ಬರೆಯುತ್ತ ಹೋದರೆ ಹಾರ್ಡ್ ಡಿಸ್ಕಿನಲ್ಲಿ ಲೆಕ್ಕಪತ್ರವೇ ಚದುರಿಹೋಗಿ, ಕಾಲ ಕಳೆದಂತೆ ಫೋಲ್ಡರ್ ತೆರೆಯುವುದೂ ನಿಧಾನವಾಗುತ್ತದೆ. ನಿಮ್ಮ ಬಳಿ ಇರುವುದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದು, ಅದರಲ್ಲಿ ದಿನನಿತ್ಯ ಕಡತಗಳನ್ನು ತಿದ್ದುವ ಕೆಲಸವಿದ್ದರೆ, ಎಚ್‌ಎಫ್‌ಎಸ್ ಪ್ಲಸ್ ಅನ್ನೇ ಇಟ್ಟುಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಏನೇನು ಬೇಕು?

ಎಸ್‌ಎಸ್‌ಡಿ, ಹೈ ಸಿಯೆರಾ ಅಥವಾ ಅದಕ್ಕಿಂತ ಹೊಸ ಆವೃತ್ತಿಯ ಮ್ಯಾಕ್, ಮತ್ತು ಡಿಸ್ಕಿನಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ತಾತ್ಕಾಲಿಕವಾಗಿ ಇಡಲು ಬೇರೊಂದು ಜಾಗ ಇಷ್ಟಿದ್ದರೆ ಸಾಕು. ಇಲ್ಲಿ ಬಳಸುವ ಡಿಸ್ಕ್ ಯುಟಿಲಿಟಿ ಎಂಬ ತಂತ್ರಾಂಶ ಪ್ರತಿ ಮ್ಯಾಕ್‌ನಲ್ಲೂ ಮೊದಲಿನಿಂದಲೇ ಇರುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಗುಂಡಿಗಳ ಜಾಗ ಸ್ವಲ್ಪ ಬದಲಾಗಬಹುದು.

ಆರಂಭಿಸುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ: ಈ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೂ ಜೋಡಿಸಬೇಕೇ? ಹೌದಾದರೆ ಎಪಿಎಫ್‌ಎಸ್ ನಿಮಗೆ ಹೊಂದುವುದಿಲ್ಲ. ಬೇರೆ ಕಂಪನಿಗಳ ತಂತ್ರಾಂಶ ಹಾಕದೆ ವಿಂಡೋಸ್ ಅದನ್ನು ಓದಲಾರದು; ಅಷ್ಟೇ ಅಲ್ಲ, ಡಿಸ್ಕ್ ಗುರುತಾಗದಿದ್ದಾಗ ಅದನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳುವುದುಂಟು, ಅವಸರದಲ್ಲಿ ಹೌದು ಎಂದವರು ಮಾಹಿತಿಯನ್ನೆಲ್ಲ ಕಳೆದುಕೊಳ್ಳುತ್ತಾರೆ. ಎರಡೂ ಕಡೆ ಓಡಾಡಬೇಕಾದ ಡಿಸ್ಕಿಗೆ ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆ ಸರಿಯಾದ ಆಯ್ಕೆ. ಮುಂದೆ ಹೇಳುವ ಸ್ನ್ಯಾಪ್‌ಶಾಟ್, ಕ್ಲೋನ್ ಮೊದಲಾದ ಸೌಲಭ್ಯಗಳು ಅದರಲ್ಲಿ ದೊರೆಯುವುದಿಲ್ಲ.

ಹಂತ 1: ಇರುವುದನ್ನು ಉಳಿಸಿಕೊಳ್ಳಿ

ಡಿಸ್ಕಿನಲ್ಲಿರುವ ಎಲ್ಲವನ್ನೂ ಬೇರೆಡೆಗೆ ನಕಲಿಸಿ, ನಕಲಿಸಿದ ಕಡತಗಳಲ್ಲಿ ಕೆಲವನ್ನಾದರೂ ತೆರೆದು ನೋಡಿ. ಹೊಸ ಡಿಸ್ಕಾದರೂ ಅದರೊಳಗೆ ತಯಾರಕರು ಹಾಕಿಕೊಟ್ಟ ತಂತ್ರಾಂಶ ಇರಬಹುದು. ಬೇಕಿದ್ದರೆ ಅದನ್ನೂ ತೆಗೆದಿಡಿ.

ಹಂತ 2: ಡಿಸ್ಕನ್ನು ಸರಿಯಾಗಿ ಗುರುತಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಡಿಸ್ಕ್ ಯುಟಿಲಿಟಿಯನ್ನು ತೆರೆದಾಗ ಎಡಗಡೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ವಾಲ್ಯೂಮ್‌ಗಳು ಮಾತ್ರ ಕಾಣಿಸುತ್ತವೆ, ಇಡೀ ಡಿಸ್ಕ್ ಕಾಣಿಸುವುದಿಲ್ಲ. ಮೇಲಿನ ‘ವ್ಯೂ’ ಮೆನುವಿಗೆ ಹೋಗಿ ‘ಶೋ ಆಲ್ ಡಿವೈಸಸ್’ ಆಯ್ದುಕೊಳ್ಳಿ. ಆಗ ಪ್ರತಿ ಡಿಸ್ಕಿನ ಕೆಳಗೂ ಮೂರು ಅಂತಸ್ತುಗಳು ತೆರೆದುಕೊಳ್ಳಬಹುದು: ಎಲ್ಲಕ್ಕಿಂತ ಮೇಲೆ ತಯಾರಕರ ಹೆಸರಿರುವ ಭೌತಿಕ ಸಾಧನ, ಅದರ ಕೆಳಗೆ ಕಂಟೇನರ್, ಅದರೊಳಗೆ ವಾಲ್ಯೂಮ್‌ಗಳು.

ಕಂಟೇನರ್ ಎಂದರೆ ಎಪಿಎಫ್‌ಎಸ್‌ಗಾಗಿ ಮೀಸಲಾದ ಒಟ್ಟು ಜಾಗ. ವಾಲ್ಯೂಮ್ ಎಂದರೆ ಫೈಂಡರ್‌ನಲ್ಲಿ ಪ್ರತ್ಯೇಕ ಡಿಸ್ಕಿನಂತೆ ಕಾಣುವ ಅದರ ಭಾಗ. ಹಳೆಯ ಪಾರ್ಟಿಷನ್ ಪದ್ಧತಿಯಲ್ಲಿ ಪ್ರತಿ ಭಾಗಕ್ಕೂ ಮೊದಲೇ ಇಷ್ಟು ಜಾಗ ಎಂದು ಗೋಡೆ ಕಟ್ಟಬೇಕಿತ್ತು. ಎಪಿಎಫ್‌ಎಸ್‌ನಲ್ಲಿ ಒಂದೇ ತೊಟ್ಟಿಗೆ ಹಲವು ನಲ್ಲಿಗಳನ್ನು ಜೋಡಿಸಿದಂತೆ, ಕಂಟೇನರಿನ ಖಾಲಿ ಜಾಗವನ್ನು ಎಲ್ಲ ವಾಲ್ಯೂಮ್‌ಗಳೂ ಹಂಚಿಕೊಳ್ಳುತ್ತವೆ. ಈ ಕಾರಣದಿಂದಲೇ 500 ಜಿಬಿ ಡಿಸ್ಕಿನಲ್ಲಿ ಮೂರು ವಾಲ್ಯೂಮ್ ಮಾಡಿದರೆ, ಮೂರರಲ್ಲೂ ಖಾಲಿ ಜಾಗ ಹತ್ತಿರ ಹತ್ತಿರ 500 ಜಿಬಿ ಎಂದೇ ತೋರುತ್ತದೆ. ಜಾಗವೇನೂ ಮೂರು ಪಟ್ಟಾಗಿಲ್ಲ.

ಹೊಸ ಡಿಸ್ಕನ್ನು ಸಿದ್ಧಪಡಿಸುವಾಗ ನೀವು ಆರಿಸಬೇಕಾದುದು ಎಲ್ಲಕ್ಕಿಂತ ಮೇಲಿನ ಸಾಲನ್ನು, ಅಂದರೆ ಭೌತಿಕ ಸಾಧನವನ್ನು. ಅದರ ಗಾತ್ರ ಮತ್ತು ಹೆಸರು ನಿಮ್ಮ ಬಾಹ್ಯ ಡಿಸ್ಕಿನದೇ ಎಂದು ಎರಡೆರಡು ಬಾರಿ ನೋಡಿಕೊಳ್ಳಿ. ಬೇರೆ ಬಾಹ್ಯ ಡಿಸ್ಕುಗಳೇನಾದರೂ ಜೋಡಿಸಿದ್ದರೆ ಅವನ್ನೆಲ್ಲ ಮೊದಲು ತೆಗೆದುಬಿಡಿ, ಗೊಂದಲವೇ ಇರುವುದಿಲ್ಲ.

ಹಂತ 3: ಅಳಿಸಿ, ಫಾರ್ಮ್ಯಾಟ್ ಮಾಡಿ

‘ಇರೇಸ್’ ಗುಂಡಿಯನ್ನು ಒತ್ತಿದರೆ ಹೆಸರು, ಫಾರ್ಮ್ಯಾಟ್, ಸ್ಕೀಮ್ ಎಂಬ ಮೂರು ಆಯ್ಕೆಗಳಿರುವ ಕಿಟಕಿ ತೆರೆಯುತ್ತದೆ. ಮೊದಲು ಸ್ಕೀಮ್ ಅನ್ನು ಆರಿಸಿ, ಆಮೇಲೆ ಫಾರ್ಮ್ಯಾಟ್‌ಗೆ ಬನ್ನಿ. ಸ್ಕೀಮ್ ಎಂದರೆ ಡಿಸ್ಕಿನ ವಿಭಾಗಗಳ ನಕ್ಷೆಯ ಬಗೆ. ಅಲ್ಲಿ ‘ಜಿಯುಐಡಿ ಪಾರ್ಟಿಷನ್ ಮ್ಯಾಪ್’ ಇರಬೇಕು. ಅಂಗಡಿಯಿಂದ ಬರುವ ಹಲವು ಡಿಸ್ಕುಗಳು ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ಹಳೆಯ ಬಗೆಯಲ್ಲಿರುತ್ತವೆ. ಪಟ್ಟಿಯಲ್ಲಿ ಎಪಿಎಫ್‌ಎಸ್ ಕಾಣಿಸುತ್ತಲೇ ಇಲ್ಲ ಎಂಬ ದೂರಿಗೆ ಬಹುತೇಕ ಇದೇ ಕಾರಣ, ಇಲ್ಲವಾದರೆ ಭೌತಿಕ ಸಾಧನದ ಬದಲು ವಾಲ್ಯೂಮನ್ನು ಆರಿಸಿರುವುದು ಕಾರಣ.

ಇನ್ನು ಫಾರ್ಮ್ಯಾಟ್. ಎಪಿಎಫ್‌ಎಸ್ ಹೆಸರಿನಲ್ಲಿ ನಾಲ್ಕು ಆಯ್ಕೆಗಳಿರುತ್ತವೆ: ಬರಿಯ ಎಪಿಎಫ್‌ಎಸ್, ಎನ್‌ಕ್ರಿಪ್ಟೆಡ್, ಕೇಸ್ ಸೆನ್ಸಿಟಿವ್, ಮತ್ತು ಇವೆರಡೂ ಸೇರಿರುವುದು. ಕೇಸ್ ಸೆನ್ಸಿಟಿವ್ ಎಂದರೆ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದು ಪರಿಗಣಿಸುವುದು. ಅದು ನಿಮಗೆ ಏಕೆ ಬೇಕೆಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಅದು ನಿಮಗೆ ಬೇಡ. ಕೆಲವು ತಂತ್ರಾಂಶಗಳು ಅಂತಹ ವಾಲ್ಯೂಮಿನಲ್ಲಿ ಸರಿಯಾಗಿ ನಡೆಯುವುದಿಲ್ಲ. ಉಳಿಯುವುದು ಎಪಿಎಫ್‌ಎಸ್ ಮತ್ತು ಎಪಿಎಫ್‌ಎಸ್ ಎನ್‌ಕ್ರಿಪ್ಟೆಡ್ ಎರಡೇ. ಇವೆರಡರಲ್ಲಿ ಯಾವುದು ಎಂಬುದಕ್ಕೆ ಮುಂದಿನ ಹಂತವನ್ನು ಓದಿಯೇ ‘ಇರೇಸ್’ ಒತ್ತಿ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗಾಗಿ ಇಲ್ಲೊಂದು ಮಾತು. ಯೂನಿಕೋಡ್‌ನಲ್ಲಿ ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ‘ಕೀ’, ‘ಕೇ’, ‘ಕೈ’ಗಳಿಗೂ ಇಂತಹದೇ ಇಬ್ಬಗೆ ಇದೆ. ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರುಗಳನ್ನೂ ಬಿಡಿಸಿ ಇಡುತ್ತಿತ್ತು. ಎಪಿಎಫ್‌ಎಸ್ ಬಂದಂತೆಯೇ ಇಡುತ್ತದೆ, ಆದರೆ ಮ್ಯಾಕ್‌ನಲ್ಲಿ ಹೋಲಿಸುವಾಗ ಎರಡನ್ನೂ ಒಂದೇ ಹೆಸರೆಂದು ಎಣಿಸುತ್ತದೆ. ಹಾಗಾಗಿ ಮ್ಯಾಕ್‌ನೊಳಗೆ ತೊಂದರೆಯಿಲ್ಲ. ಬೇರೆ ವ್ಯವಸ್ಥೆಗಳೊಂದಿಗೆ ಕಡತಗಳನ್ನು ಸರಿಹೊಂದಿಸುವ ತಂತ್ರಾಂಶಗಳು ಮಾತ್ರ ಕೆಲವೊಮ್ಮೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳನ್ನು ಬೇರೆ ಬೇರೆ ಎಂದು ತಿಳಿದು ಎರಡೆರಡು ಪ್ರತಿ ಮಾಡಿಬಿಡುತ್ತವೆ.

ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕನ್ನು ಅಳಿಸದೆಯೇ ಎಪಿಎಫ್‌ಎಸ್‌ಗೆ ಬದಲಿಸುವ ದಾರಿಯೂ ಇದೆ: ವಾಲ್ಯೂಮನ್ನು ಆರಿಸಿ, ‘ಎಡಿಟ್’ ಮೆನುವಿನ ‘ಕನ್ವರ್ಟ್ ಟು ಎಪಿಎಫ್‌ಎಸ್’ ಒತ್ತಬೇಕು. ಮಾಹಿತಿ ಹಾಗೆಯೇ ಉಳಿಯುತ್ತದೆ. ಆದರೆ ಹಿಂದಿರುಗಲು ಇಂತಹ ಸುಲಭ ದಾರಿಯಿಲ್ಲ, ಎಪಿಎಫ್‌ಎಸ್‌ನಿಂದ ಎಚ್‌ಎಫ್‌ಎಸ್ ಪ್ಲಸ್‌ಗೆ ಮರಳಬೇಕಾದರೆ ಎಲ್ಲವನ್ನೂ ಅಳಿಸಲೇಬೇಕು. ಪ್ರತಿ ಇಲ್ಲದೆ ಈ ಗುಂಡಿಯನ್ನೂ ಒತ್ತಬೇಡಿ.

ಹಂತ 4: ಎನ್‌ಕ್ರಿಪ್ಷನ್ ಬೇಕೇ ಎಂದು ಈಗಲೇ ನಿರ್ಧರಿಸಿ

ಎನ್‌ಕ್ರಿಪ್ಷನ್ ಎಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದು. ಬೇಕಾದಾಗ ಮಾಡಿಕೊಂಡರಾಯಿತು ಎಂದು ಇದನ್ನು ಮುಂದೂಡುವವರೇ ಹೆಚ್ಚು. ಫೈಂಡರ್‌ನಲ್ಲಿ ಡಿಸ್ಕಿನ ಮೇಲೆ ಬಲ ಕ್ಲಿಕ್ ಮಾಡಿ ನಂತರವೂ ಎನ್‌ಕ್ರಿಪ್ಟ್ ಮಾಡಬಹುದು ಎಂಬುದು ನಿಜವೇ. ಆದರೂ ಎಸ್‌ಎಸ್‌ಡಿಯ ಮಟ್ಟಿಗೆ ಮೊದಲೇ ಮಾಡುವುದಕ್ಕೆ ಗಟ್ಟಿಯಾದ ಕಾರಣವಿದೆ.

ಚಿಪ್‌ಗಳು ಸಮನಾಗಿ ಸವೆಯಲಿ ಎಂದು ಎಸ್‌ಎಸ್‌ಡಿಯೊಳಗಿನ ನಿಯಂತ್ರಕವು ಬರವಣಿಗೆಯನ್ನು ಸದಾ ಬೇರೆ ಬೇರೆ ಜಾಗಕ್ಕೆ ಹಂಚುತ್ತಿರುತ್ತದೆ. ಹಾಗಾಗಿ ಒಂದು ಕಡತದ ಮೇಲೆ ಮತ್ತೊಂದನ್ನು ಬರೆದು ಮುಚ್ಚಿಬಿಟ್ಟೆವು ಎಂದು ನಾವು ಭಾವಿಸಿದರೂ, ಹಳೆಯ ಮಾಹಿತಿ ಬೇರೊಂದು ಬ್ಲಾಕಿನಲ್ಲಿ ಉಳಿದಿರಬಹುದು. ಹಾರ್ಡ್ ಡಿಸ್ಕುಗಳಿಗಿದ್ದ, ಮೇಲಿಂದ ಮೇಲೆ ಬರೆದು ಅಳಿಸುವ ಸೌಲಭ್ಯವು ಎಸ್‌ಎಸ್‌ಡಿಗಳಿಗೆ ಸಿಗದಿರುವುದಕ್ಕೆ ಇದೇ ಕಾರಣ. ಮೊದಲಿನಿಂದಲೂ ಎನ್‌ಕ್ರಿಪ್ಟ್ ಆಗಿರುವ ಡಿಸ್ಕಿನಲ್ಲಿ ಈ ಚಿಂತೆಯಿಲ್ಲ: ಕೀಲಿ ನಾಶವಾದ ಕ್ಷಣವೇ ಅಲ್ಲಿರುವುದೆಲ್ಲ ಅರ್ಥವಿಲ್ಲದ ಅಂಕೆಗಳ ರಾಶಿಯಾಗುತ್ತದೆ. ಖಾಸಗಿ ದಾಖಲೆಗಳಿಗಾಗಿ ಬಳಸುವ, ಚೀಲದಲ್ಲಿಟ್ಟುಕೊಂಡು ಓಡಾಡುವ ಅಥವಾ ಮುಂದೊಂದು ದಿನ ಮಾರಬಹುದಾದ ಡಿಸ್ಕಿಗೆ ಎಪಿಎಫ್‌ಎಸ್ ಎನ್‌ಕ್ರಿಪ್ಟೆಡ್ ಅನ್ನೇ ಆರಿಸಿ.

ಪಾಸ್‌ವರ್ಡ್ ಮರೆತರೆ ಮಾಹಿತಿ ಹೋದಂತೆಯೇ. ಸುಳಿವಿನ ಜಾಗದಲ್ಲಿ ಪಾಸ್‌ವರ್ಡನ್ನೇ ಬರೆಯಬೇಡಿ, ಏಕೆಂದರೆ ಸುಳಿವನ್ನು ಯಾರು ಬೇಕಾದರೂ ನೋಡಬಹುದು. ಹೈ ಸಿಯೆರಾದ ಮೊದಲ ದಿನಗಳಲ್ಲಿ ಡಿಸ್ಕ್ ಯುಟಿಲಿಟಿಯೇ ದೋಷವೊಂದರಿಂದಾಗಿ ಸುಳಿವಿನ ಬದಲು ಪಾಸ್‌ವರ್ಡನ್ನು ತೋರಿಸಿಬಿಡುತ್ತಿತ್ತು. 2017ರ ಅಕ್ಟೋಬರ್‌ನಲ್ಲಿ ಅದನ್ನು ಸರಿಪಡಿಸಲಾಯಿತು.

ಹಂತ 5: ಬೇಕಿದ್ದರೆ ವಾಲ್ಯೂಮ್‌ಗಳನ್ನು ಸೇರಿಸಿ

ಬೇರೆ ಬೇರೆ ಕೆಲಸಗಳಿಗೆ ಡಿಸ್ಕನ್ನು ವಿಂಗಡಿಸುವುದಾದರೆ ‘ಪಾರ್ಟಿಷನ್’ ಗುಂಡಿಯನ್ನು ಒತ್ತಬೇಡಿ; ಕಂಟೇನರನ್ನು ಆರಿಸಿ, ವಾಲ್ಯೂಮ್ ಎಂಬಲ್ಲಿರುವ ಕೂಡಿಸುವ ಚಿಹ್ನೆಯನ್ನು ಒತ್ತಿ. ತೆರೆಯುವ ಕಿಟಕಿಯಲ್ಲಿ ‘ಸೈಜ್ ಆಪ್ಷನ್ಸ್’ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅದರಲ್ಲಿ ಎರಡು ಅಂಶಗಳಿವೆ. ರಿಸರ್ವ್ ಎಂದರೆ ಆ ವಾಲ್ಯೂಮಿಗೆ ಖಚಿತವಾಗಿ ಸಿಗಲೇಬೇಕಾದ ಕನಿಷ್ಠ ಜಾಗ. ಕೋಟಾ ಎಂದರೆ ಅದು ಮೀರಬಾರದ ಗರಿಷ್ಠ ಮಿತಿ. ಎರಡನ್ನೂ ಖಾಲಿ ಬಿಟ್ಟರೆ ಯಾವ ವಾಲ್ಯೂಮ್ ಬೇಕಾದರೂ ಇಡೀ ಕಂಟೇನರನ್ನು ನುಂಗಬಹುದು. ಈ ಮಿತಿಗಳನ್ನು ವಾಲ್ಯೂಮ್ ಸೃಷ್ಟಿಸುವಾಗಲೇ ನಮೂದಿಸಬೇಕು, ಹಾಗಾಗಿ ಒಂದು ನಿಮಿಷ ಯೋಚಿಸಿ ಮುಂದುವರಿಯಿರಿ.

ಕೋಟಾ ನಿಜವಾಗಿ ಉಪಯೋಗಕ್ಕೆ ಬರುವುದು ಟೈಮ್ ಮಶೀನ್ ವಿಷಯದಲ್ಲಿ. ಟೈಮ್ ಮಶೀನ್ ಎಂಬುದು ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆ. 2020ರ ಬಿಗ್ ಸರ್ ಆವೃತ್ತಿಯಿಂದ ಅದು ತನ್ನ ಪ್ರತಿಗಳನ್ನು ಎಪಿಎಫ್‌ಎಸ್ ಡಿಸ್ಕಿನಲ್ಲಿ ಇಡಬಲ್ಲದು. ಜಾಗ ಇರುವಷ್ಟೂ ಹಳೆಯ ಪ್ರತಿಗಳನ್ನು ಕೂಡಿಡುತ್ತ ಹೋಗುವುದು ಅದರ ಗುಣ. ಒಂದೇ ಕಂಟೇನರಿನಲ್ಲಿ ಬ್ಯಾಕಪ್ಪನ್ನೂ ನಿಮ್ಮ ಬೇರೆ ಕಡತಗಳನ್ನೂ ಇಡುವುದಾದರೆ, ಬ್ಯಾಕಪ್ ವಾಲ್ಯೂಮಿಗೆ ಕೋಟಾ ಹಾಕದಿದ್ದರೆ ಉಳಿದ ವಾಲ್ಯೂಮ್‌ಗಳಿಗೆ ಜಾಗವೇ ಇಲ್ಲವಾಗುವ ದಿನ ಬರುತ್ತದೆ. ಟೈಮ್ ಮಶೀನ್‌ಗೆ ಕೊಟ್ಟ ವಾಲ್ಯೂಮಿನೊಳಗೆ ನಿಮ್ಮ ಕಡತಗಳನ್ನು ಇಡುವ ಯೋಚನೆ ಮಾಡಬೇಡಿ, ಅದಕ್ಕೆ ಪ್ರತ್ಯೇಕ ವಾಲ್ಯೂಮ್ ಇರಲಿ.

ಹಂತ 6: ಕಡತಗಳನ್ನು ತುಂಬಿಸಿ

ಈಗ ಮಾಹಿತಿಯನ್ನು ಹಿಂದಕ್ಕೆ ನಕಲಿಸಬಹುದು. ಈ ಹಂತದಲ್ಲಿ ಕ್ಲೋನ್ ಎಂಬ ಸೌಲಭ್ಯದ ಪರಿಚಯ ಬೇಕು. ಒಂದು ವಾಲ್ಯೂಮಿನಲ್ಲಿರುವ 10 ಜಿಬಿ ವಿಡಿಯೊವನ್ನು ಅದೇ ವಾಲ್ಯೂಮಿನಲ್ಲಿ ‘ಡುಪ್ಲಿಕೇಟ್’ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ, ಏಕೆಂದರೆ ಮಾಹಿತಿ ನಕಲಾಗಿಯೇ ಇಲ್ಲ: ಎರಡು ಹೆಸರುಗಳು ಒಂದೇ ಬ್ಲಾಕುಗಳನ್ನು ತೋರಿಸುತ್ತಿವೆ. ಮುಂದೆ ಒಂದನ್ನು ತಿದ್ದಿದಾಗ ಬದಲಾದ ಭಾಗಕ್ಕೆ ಮಾತ್ರ ಹೊಸ ಜಾಗ ಬೇಕಾಗುತ್ತದೆ. ಇದು ಸೊಗಸಾದ ಏರ್ಪಾಡು, ಚಿಪ್‌ಗಳ ಸವೆತವನ್ನೂ ಉಳಿಸುತ್ತದೆ. ಆದರೆ ಇದರ ಸುತ್ತ ಮೂರು ತಪ್ಪು ತಿಳಿವಳಿಕೆಗಳಿವೆ.

ಮೊದಲನೆಯದಾಗಿ, ಕ್ಲೋನ್ ಬ್ಯಾಕಪ್ ಅಲ್ಲ. ಎರಡೂ ಹೆಸರುಗಳು ಅವೇ ಬ್ಲಾಕುಗಳನ್ನು ನಂಬಿಕೊಂಡಿರುವುದರಿಂದ ಅಲ್ಲಿ ಚಿಪ್ ಕೆಟ್ಟರೆ ಎರಡೂ ಹೋಗುತ್ತವೆ. ಎಪಿಎಫ್‌ಎಸ್ ತನ್ನ ಲೆಕ್ಕಪತ್ರಕ್ಕೆ ಚೆಕ್‌ಸಮ್, ಅಂದರೆ ತಾಳೆ ನೋಡುವ ಮೊತ್ತ, ಇಟ್ಟುಕೊಳ್ಳುತ್ತದೆಯೇ ಹೊರತು ನಿಮ್ಮ ಕಡತಗಳ ಒಳಗಿನ ಮಾಹಿತಿಗೆ ಇಟ್ಟುಕೊಳ್ಳುವುದಿಲ್ಲ. ಈ ವಿಷಯದಲ್ಲಿ ಅದು ಝಡ್‌ಎಫ್‌ಎಸ್ ಎಂಬ ಮತ್ತೊಂದು ಕಡತ ವ್ಯವಸ್ಥೆಗಿಂತ ಹಿಂದಿದೆ, ಮತ್ತು ಇದು ಅದರ ದೊಡ್ಡ ಕೊರತೆ ಎಂದೇ ನಾನು ಎಣಿಸುತ್ತೇನೆ. ಎರಡನೆಯದಾಗಿ, ಹಲವು ತಂತ್ರಾಂಶಗಳು ಉಳಿಸುವಾಗ ಇಡೀ ಕಡತವನ್ನು ಹೊಸದಾಗಿ ಬರೆಯುತ್ತವೆ; ಆಗ ಹಂಚಿಕೆ ತಪ್ಪಿ ಕ್ಲೋನ್ ಪೂರ್ಣ ಗಾತ್ರದ ಕಡತವಾಗುತ್ತದೆ. ಮೂರನೆಯದಾಗಿ, ಬೇರೊಂದು ವಾಲ್ಯೂಮಿಗೆ, ಅದೇ ಕಂಟೇನರಿನಲ್ಲಿದ್ದರೂ ಸರಿ, ನಕಲಿಸಿದರೆ ಕ್ಲೋನ್ ಆಗುವುದಿಲ್ಲ, ಪ್ರತಿ ಬೈಟನ್ನೂ ಬರೆಯಬೇಕಾಗುತ್ತದೆ. ಕ್ಲೋನ್‌ಗಳಿಂದ ತುಂಬಿದ ಫೋಲ್ಡರನ್ನು ಅಷ್ಟೇ ಗಾತ್ರದ ಬೇರೆ ಡಿಸ್ಕಿಗೆ ಸಾಗಿಸಲು ಹೋದರೆ ಅದು ಹಿಡಿಸದಿರುವುದು ಇದರಿಂದಲೇ.

ಡಿಸ್ಕನ್ನು ಅಂಚಿನವರೆಗೆ ತುಂಬಿಸಬೇಡಿ. ತಿದ್ದುವುದಕ್ಕೂ ಅಳಿಸುವುದಕ್ಕೂ ಎಪಿಎಫ್‌ಎಸ್‌ಗೆ ಖಾಲಿ ಜಾಗ ಬೇಕು. ಎಸ್‌ಎಸ್‌ಡಿಯ ನಿಯಂತ್ರಕಕ್ಕೂ ಖಾಲಿ ಬ್ಲಾಕುಗಳಿದ್ದಷ್ಟೂ ಕೆಲಸ ಹಗುರ. ಹತ್ತರಲ್ಲಿ ಒಂದು ಪಾಲನ್ನಾದರೂ ಖಾಲಿ ಬಿಡುವುದು ನಾನು ಅನುಸರಿಸುವ ಲೆಕ್ಕ.

ಹಂತ 7: ಅಳಿಸಿದರೂ ಜಾಗ ಬರದಿದ್ದಾಗ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಅಳಿಸಿದ ಕಡತದ ಕ್ಲೋನ್ ಬೇರೆಲ್ಲಾದರೂ ಇದ್ದರೆ ಬ್ಲಾಕುಗಳು ಬಿಡುಗಡೆಯಾಗುವುದಿಲ್ಲ ಎಂಬುದು ನಿಮಗೆ ಈಗಾಗಲೇ ಹೊಳೆದಿರಬೇಕು. ಅದಕ್ಕಿಂತ ಸಾಮಾನ್ಯವಾದ ಕಾರಣ ಸ್ನ್ಯಾಪ್‌ಶಾಟ್. ಒಂದು ಗಳಿಗೆಯಲ್ಲಿ ವಾಲ್ಯೂಮ್ ಹೇಗಿತ್ತೋ ಹಾಗೆಯೇ ಅದನ್ನು ನೆನಪಿಟ್ಟುಕೊಳ್ಳುವ ಸೌಲಭ್ಯವಿದು. ಸ್ನ್ಯಾಪ್‌ಶಾಟ್ ತೆಗೆಯುವಾಗ ಹೆಚ್ಚಿನ ಜಾಗವೇನೂ ಬೇಕಾಗುವುದಿಲ್ಲ. ಆದರೆ ಆ ಗಳಿಗೆಯಲ್ಲಿದ್ದ ಯಾವ ಬ್ಲಾಕನ್ನೂ ಅದು ಬಿಟ್ಟುಕೊಡುವುದಿಲ್ಲ. ನೀವು ಆಮೇಲೆ 50 ಜಿಬಿ ಅಳಿಸಿದರೆ ನಿಮ್ಮ ಪಟ್ಟಿಯಿಂದ ಹೆಸರು ಹೋಗುತ್ತದೆ, ಸ್ನ್ಯಾಪ್‌ಶಾಟಿನ ಪಟ್ಟಿಯಲ್ಲಿ ಉಳಿದಿರುತ್ತದೆ, ಜಾಗವೂ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಟೈಮ್ ಮಶೀನ್ ತಾನು ಬ್ಯಾಕಪ್ ಮಾಡುವ ಎಪಿಎಫ್‌ಎಸ್ ವಾಲ್ಯೂಮ್‌ಗಳಲ್ಲಿ ಇಂತಹ ಸ್ನ್ಯಾಪ್‌ಶಾಟ್‌ಗಳನ್ನು ತೆಗೆದು, ಸಾಮಾನ್ಯವಾಗಿ 24 ಗಂಟೆಗಳವರೆಗೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲ ಉಪಾಯ ಏನೂ ಮಾಡದೆ ಒಂದು ದಿನ ಕಾಯುವುದು. ಕಾಯಲಾಗದಿದ್ದರೆ, ಮಾಂಟೆರೇ ಅಥವಾ ಅದಕ್ಕಿಂತ ಹೊಸ ಆವೃತ್ತಿಯಲ್ಲಿ ಡಿಸ್ಕ್ ಯುಟಿಲಿಟಿಯ ‘ವ್ಯೂ’ ಮೆನುವಿನಿಂದ ‘ಶೋ ಎಪಿಎಫ್‌ಎಸ್ ಸ್ನ್ಯಾಪ್‌ಶಾಟ್ಸ್’ ಆರಿಸಿ, ವಾಲ್ಯೂಮಿನ ಮೇಲೆ ಕ್ಲಿಕ್ ಮಾಡಿ. ಕೆಳಗಡೆ ಅವುಗಳ ಪಟ್ಟಿ ಬರುತ್ತದೆ. ಬೇಡದ್ದನ್ನು ಆರಿಸಿ ಕಳೆಯುವ ಚಿಹ್ನೆಯನ್ನು ಒತ್ತಬಹುದು. ಬೇರೆ ಬ್ಯಾಕಪ್ ತಂತ್ರಾಂಶಗಳನ್ನು ಬಳಸುತ್ತಿದ್ದರೆ ಅವು ತೆಗೆದ ಸ್ನ್ಯಾಪ್‌ಶಾಟ್‌ಗಳು ತಾವಾಗಿ ಅಳಿಯುತ್ತವೆ ಎಂದು ನಂಬಬೇಡಿ, ಆಯಾ ತಂತ್ರಾಂಶದ ಹೊಂದಾಣಿಕೆಗಳಲ್ಲಿ ಅವಧಿಯನ್ನು ನೋಡಿ. ಟೈಮ್ ಮಶೀನ್‌ನ ಬ್ಯಾಕಪ್ ವಾಲ್ಯೂಮಿನಲ್ಲಿ ಕಾಣುವ ಸ್ನ್ಯಾಪ್‌ಶಾಟ್‌ಗಳನ್ನು ಮಾತ್ರ ಮುಟ್ಟಬೇಡಿ: ಅಲ್ಲಿ ಅವೇ ನಿಮ್ಮ ಬ್ಯಾಕಪ್‌ಗಳು.

ಫೈಂಡರ್ ತೋರಿಸುವ ಖಾಲಿ ಜಾಗ ಮತ್ತು ಡಿಸ್ಕ್ ಯುಟಿಲಿಟಿ ತೋರಿಸುವ ಖಾಲಿ ಜಾಗ ತಾಳೆಯಾಗದಿದ್ದರೆ ಗಾಬರಿ ಬೇಡ. ಅಗತ್ಯ ಬಿದ್ದಾಗ ವ್ಯವಸ್ಥೆಯೇ ತೆರವುಗೊಳಿಸಬಲ್ಲ ಜಾಗವನ್ನು ಫೈಂಡರ್ ಖಾಲಿ ಎಂದೇ ಲೆಕ್ಕ ಹಿಡಿಯುತ್ತದೆ.

ಹಂತ 8: ಆಗಾಗ ತಪಾಸಣೆ

ಡಿಸ್ಕ್ ವಿಚಿತ್ರವಾಗಿ ವರ್ತಿಸಿದರೆ, ಅಥವಾ ಕೇಬಲ್ ಅಚಾನಕ್ಕಾಗಿ ಕಳಚಿದ್ದರೆ, ‘ಫಸ್ಟ್ ಏಡ್’ ನಡೆಸಿ. ಕ್ರಮ ಕೆಳಗಿನಿಂದ ಮೇಲಕ್ಕೆ: ಮೊದಲು ಪ್ರತಿ ವಾಲ್ಯೂಮ್, ನಂತರ ಕಂಟೇನರ್, ಕೊನೆಗೆ ಭೌತಿಕ ಸಾಧನ. ದೋಷ ಸರಿಹೋಗಲಿಲ್ಲ ಎಂದು ವರದಿ ಬಂದರೆ ಇನ್ನಷ್ಟು ಪ್ರಯತ್ನಿಸುವ ಮೊದಲು ಓದಲು ಸಿಗುವಷ್ಟನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ, ಆಮೇಲೆ ಮೂರನೆಯ ಹಂತದಿಂದ ಹೊಸದಾಗಿ ಆರಂಭಿಸಿ. ಡಿಸ್ಕನ್ನು ಕೀಳುವ ಮೊದಲು ಪ್ರತಿ ಬಾರಿಯೂ ‘ಇಜೆಕ್ಟ್’ ಮಾಡಿ. ಕಾಪಿ ಆನ್ ರೈಟ್ ಲೆಕ್ಕಪತ್ರವನ್ನು ಕಾಯುತ್ತದೆ ನಿಜ. ಅರ್ಧ ಬರೆದ ನಿಮ್ಮ ಕಡತವನ್ನು ಪೂರ್ಣಗೊಳಿಸಿಕೊಡುವುದು ಅದರ ಕೈಲಾಗದು.